ಯುವತಿ ಮಂಡಳಿಯ ಪಾಸ್‌ಬುಕ್ ಯಾರ ಕೈಲಿದೆ?

ಯುವಕ ಸಂಘ, ಯುವತಿ ಮಂಡಳಿಗಳ ಬಗ್ಗೆ ಕೊಡಗಿನ ಓದುಗರು ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿದ್ದೇವೆ. ಹೆಸರು ಬೇಡವೆಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರದ್ದೂ ಊರಷ್ಟೇ ಕೊಟ್ಟಿದ್ದೇವೆ.

ನಾಪೋಕ್ಲು

ಪ್ರಶ್ನೆ: ನಮ್ಮೂರ ಯುವಕ ಸಂಘದಲ್ಲಿ ಹುಡುಗಿಯರೂ ಸದಸ್ಯರು. ಆದರೆ ಕಾರ್ಯಕ್ರಮ ಬಂದಾಗ ಪ್ರಾರ್ಥನೆ ಹಾಡುವುದು, ರಂಗೋಲಿ ಹಾಕುವುದು, ಅತಿಥಿಗಳಿಗೆ ಹೂಗುಚ್ಛ ಕೊಡುವುದು ಬಿಟ್ಟರೆ ನಮಗೆ ಬೇರೆ ಕೆಲಸವಿಲ್ಲ. ಬೇರೆ ಯುವತಿ ಮಂಡಳಿ ಮಾಡೋಣ ಅಂತ ಕೆಲವರು, ಇದ್ದಲ್ಲೇ ಇರೋಣ ಅಂತ ಕೆಲವರು. ಯಾವುದು ಸರಿ?

ಉತ್ತರ: ತೀರ್ಮಾನಕ್ಕೆ ಬರುವ ಮೊದಲು ನಿಮ್ಮ ಸಂಘದಲ್ಲಿ ಕೆಲವು ವಿಷಯ ವಿಚಾರಿಸಿಕೊಳ್ಳಿ. ಚೆಕ್ಕಿಗೆ ಸಹಿ ಹಾಕುವವರು ಯಾರು? ಕಟ್ಟಡದ ಬೀಗದ ಕೈ ಯಾರ ಮನೆಯಲ್ಲಿರುತ್ತದೆ? ನಡಾವಳಿ ಪುಸ್ತಕ ಬರೆಯುವುದು ಯಾರು? ಮುಂದಿನ ಕಾರ್ಯಕ್ರಮದ ದಿನ ಗೊತ್ತಾಗುವುದು ಎಲ್ಲಿ? ಆಟ ಮುಗಿದ ಮೇಲೆ ರಾತ್ರಿ ಎಂಟಕ್ಕೆ ಅಂಗಡಿ ಜಗಲಿಯಲ್ಲಿ ದಿನ ಗೊತ್ತಾಗಿ, ಭಾನುವಾರದ ಸಭೆಯಲ್ಲಿ ಅದನ್ನು ಓದಿ ಹೇಳುವುದಷ್ಟೇ ನಡೆಯುತ್ತಿದ್ದರೆ ನಿಮ್ಮ ಸದಸ್ಯತ್ವ ರಸೀದಿ ಪುಸ್ತಕದಲ್ಲಿ ಮಾತ್ರ ಇದೆ.

ಇದ್ದಲ್ಲೇ ಇರುವುದಾದರೆ ‘ಮಹಿಳಾ ಉಪಾಧ್ಯಕ್ಷೆ’ ಹುದ್ದೆ ಕೇಳಬೇಡಿ. ಹೆಚ್ಚಿನ ಬೈಲಾಗಳಲ್ಲಿ ಉಪಾಧ್ಯಕ್ಷರಿಗೆ ಕೆಲಸವೇ ಇರುವುದಿಲ್ಲ, ಅಧ್ಯಕ್ಷರು ಬಾರದ ದಿನ ಕುರ್ಚಿ ತುಂಬಬೇಕು, ಅಷ್ಟೇ. ಖಜಾಂಚಿ ಸ್ಥಾನ ಕೇಳಿ. ಲೆಕ್ಕ ಕೈಯಲ್ಲಿದ್ದವಳನ್ನು ಕೇಳದೆ ಶಾಮಿಯಾನ ಕೂಡ ಬುಕ್ ಆಗುವುದಿಲ್ಲ. ಇದರ ಜೊತೆಗೆ ಚೆಕ್ಕಿಗೆ ಸಹಿ ಮಾಡುವ ಇಬ್ಬರಲ್ಲಿ ಒಬ್ಬಳು ಹೆಣ್ಣು ಇರಬೇಕು, ಕಾರ್ಯಕಾರಿ ಸಮಿತಿಯಲ್ಲಿ ಅರ್ಧ ಸ್ಥಾನ ಹೆಣ್ಣುಮಕ್ಕಳಿಗಿರಬೇಕು, ಸಭೆ ಮಧ್ಯಾಹ್ನ 2ರಿಂದ 4ರೊಳಗೆ ಮುಗಿಯಬೇಕು ಎಂಬ ಮೂರು ಮಾತನ್ನು ಬೈಲಾಕ್ಕೆ ಸೇರಿಸಿ. ಬಾಯಿಮಾತಿನ ಒಪ್ಪಂದ ಮುಂದಿನ ಚುನಾವಣೆವರೆಗೂ ಬಾಳುವುದಿಲ್ಲ. ತಿದ್ದುಪಡಿಯನ್ನು ಮಹಾಸಭೆಯ ಮುಂದಿಟ್ಟು, ನಿರ್ಣಯ ಬರೆಸಿ, ನೋಂದಣಿ ಕಚೇರಿಗೆ ಸಲ್ಲಿಸಿದ ಮೇಲೆಯೇ ಅದಕ್ಕೆ ಬೆಲೆ.

ಬೇರೆ ಮಂಡಳಿಗೆ ಹೋದರೆ ಸ್ವಾತಂತ್ರ್ಯ ಸಿಗುತ್ತದೆ, ಆದರೆ ಮೈದಾನ, ಕಟ್ಟಡ, ಮೈಕ್‌ಸೆಟ್ಟು, ಕುರ್ಚಿ ಎಲ್ಲ ಹಳೇ ಸಂಘದಲ್ಲೇ ಉಳಿಯುತ್ತವೆ. ಬಿಟ್ಟು ಹೋಗುವ ಮೊದಲೇ ವಾರದಲ್ಲಿ ಯಾವ ದಿನ ಮೈದಾನ ನಿಮ್ಮದು, ಕಟ್ಟಡದ ಎರಡನೇ ಬೀಗದ ಕೈ ಯಾರ ಬಳಿ ಎಂದು ಬರೆಸಿಕೊಳ್ಳಿ. ನಮ್ಮ ಅಭಿಪ್ರಾಯ ಕೇಳಿದರೆ, ತಪ್ಪದೆ ಬರುವ ಹದಿನೈದು ಹುಡುಗಿಯರಿದ್ದರೆ ಬೇರೆ ಮಾಡಿ. ಅದಕ್ಕಿಂತ ಕಡಿಮೆ ಇದ್ದರೆ ಖಜಾಂಚಿ ಸ್ಥಾನ ಹಿಡಿದು ಒಳಗೇ ಇರಿ.

ಕುಶಾಲನಗರ

ಪ್ರಶ್ನೆ: ಯುವತಿ ಮಂಡಳಿಯ ನೋಂದಣಿಗೆ ಎಷ್ಟು ಜನ ಬೇಕು, ಏನೇನು ಕಾಗದ ಬೇಕು? ನಮ್ಮಲ್ಲಿ ಅರ್ಧಕ್ಕರ್ಧ ಪಿಯುಸಿ ಓದುವ ಹುಡುಗಿಯರು.

ಉತ್ತರ: ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮ 1960ರ ಪ್ರಕಾರ ಕನಿಷ್ಠ 7 ಮಂದಿ ಬೇಕು. ಎಲ್ಲರಿಗೂ 18 ತುಂಬಿರಬೇಕು. ಸರಿಯಾಗಿ ಏಳೇ ಜನರಿಂದ ಶುರು ಮಾಡಬೇಡಿ. ಒಬ್ಬಳು ಬೆಂಗಳೂರಿಗೆ ಕೆಲಸಕ್ಕೆ, ಇನ್ನೊಬ್ಬಳು ಮಂಗಳೂರಿಗೆ ನರ್ಸಿಂಗಿಗೆ ಹೋದರೆ ಕೋರಂಗೂ ಪರದಾಡಬೇಕಾಗುತ್ತದೆ. ಹತ್ತು ಹನ್ನೊಂದು ಮಂದಿ ಇರಲಿ. ಪಿಯುಸಿ ಹುಡುಗಿಯರಿಗಾಗಿ ಬೈಲಾದಲ್ಲೇ ‘ಕಿಶೋರಿ ಸದಸ್ಯೆ’ ಎಂಬ ವರ್ಗ ಮಾಡಿ. ಮತವಿಲ್ಲ, ಸಹಿಯ ಜವಾಬ್ದಾರಿ ಇಲ್ಲ, ಆದರೆ ಸಭೆಗೆ ಬರುವ, ಮಾತಾಡುವ, ಲೆಕ್ಕ ನೋಡುವ ಹಕ್ಕಿದೆ ಎಂದು ಸ್ಪಷ್ಟವಾಗಿ ಬರೆಯಿರಿ. ಅವರಲ್ಲೊಬ್ಬಳನ್ನು ಪ್ರತಿ ಸಮಿತಿ ಸಭೆಗೆ ವಿಶೇಷ ಆಹ್ವಾನಿತೆಯಾಗಿ ಕೂರಿಸಿಕೊಂಡರೆ 18 ತುಂಬುವ ಹೊತ್ತಿಗೆ ಕೆಲಸ ಕಲಿತಿರುತ್ತಾಳೆ.

ಕಾಗದಗಳು ಇಷ್ಟು: ಜ್ಞಾಪನಾ ಪತ್ರ, ಬೈಲಾ, ಸಮಿತಿಯವರ ಪಟ್ಟಿ, ಎಲ್ಲರ ಗುರುತಿನ ಮತ್ತು ವಿಳಾಸದ ದಾಖಲೆ, ಕಚೇರಿ ವಿಳಾಸದ ಪುರಾವೆ, ಆ ಜಾಗದ ಮಾಲೀಕರ ಒಪ್ಪಿಗೆ ಪತ್ರ. ನೋಂದಣಿ ಆಗುವುದು ಸಹಕಾರ ಇಲಾಖೆಯಲ್ಲಿ, ಜಿಲ್ಲಾ ಕಚೇರಿ ಮಡಿಕೇರಿಯಲ್ಲಿದೆ.

ಅರ್ಜಿ ವಾಪಸ್ ಬರುವುದು ಬಹುತೇಕ ಹೆಸರಿನ ವಿಷಯಕ್ಕೆ. ಕೊಡಗಿನಲ್ಲಿ ಇದು ದೊಡ್ಡ ತಲೆನೋವು. ಆಧಾರ್‌ನಲ್ಲಿ ಮನೆ ಹೆಸರು ಪೂರ್ತಿ ಮುಂದೆ, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರು ಕೊನೆಗೆ. ಮದುವೆಯಾದವಳಾದರೆ ಮನೆ ಹೆಸರೇ ಬದಲಾಗಿರುತ್ತದೆ. ಅರ್ಜಿ ಟೈಪ್ ಮಾಡಿಸುವ ಮೊದಲು ಎಲ್ಲರ ಆಧಾರ್ ಪ್ರತಿ ಮೇಜಿನ ಮೇಲೆ ಹರಡಿ, ಅದರಲ್ಲಿ ಇದ್ದ ಹಾಗೆಯೇ, ಒಂದು ಚುಕ್ಕೆಯೂ ತಪ್ಪದೆ ಬರೆಯಿರಿ. ಸಹಿಯೂ ಒಂದೇ ರೀತಿ ಇರಲಿ. ಒಂದೆಡೆ ಕನ್ನಡ, ಒಂದೆಡೆ ಇಂಗ್ಲಿಷ್ ಆದರೆ ಬ್ಯಾಂಕಿನಲ್ಲಿ ಸಿಕ್ಕಿಬೀಳುತ್ತೀರಿ.

ಎರಡನೆಯದು ಉದ್ದೇಶಗಳ ಪಟ್ಟಿ. ಬೇರೆ ಸಂಘದ ಬೈಲಾ ಜೆರಾಕ್ಸ್ ಮಾಡಿ ‘ಅನಾಥಾಶ್ರಮ ನಡೆಸುವುದು, ಗೋಶಾಲೆ ನಡೆಸುವುದು’ ಎಂದೆಲ್ಲ ಹಾಕಿಕೊಳ್ಳಬೇಡಿ. ಮಾಡುವ ನಾಲ್ಕು ಕೆಲಸ ಬರೆಯಿರಿ. ಮೂರನೆಯದು ಸದಸ್ಯರು. ಒಂದೇ ಒಕ್ಕದ (ಕೊಡವ ಮನೆತನದ), ಒಂದೇ ಕೇರಿಯ ಹುಡುಗಿಯರೇ ತುಂಬಿದರೆ ಕಾನೂನಿನ ತೊಂದರೆ ಇಲ್ಲದಿರಬಹುದು, ಆದರೆ ಊರು ಅದನ್ನು ‘ಅವರ ಮನೆಯವರ ಸಂಘ’ ಎಂದೇ ಕರೆಯುತ್ತದೆ.

ನೋಂದಣಿ ಪತ್ರ ಬಂದ ಮೇಲೆ ಮಂಡಳಿಯ ಹೆಸರಿನಲ್ಲಿ ಪ್ಯಾನ್ ಮಾಡಿಸಿ, ಖಾತೆ ತೆರೆಯುವ ನಿರ್ಣಯ ಬರೆಯಿರಿ. ‘ಅಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ ಮೂವರಲ್ಲಿ ಯಾರಾದರೂ ಇಬ್ಬರ ಸಹಿ’ ಎಂದೇ ಇರಲಿ. ‘ಅಧ್ಯಕ್ಷೆ ಮತ್ತು ಖಜಾಂಚಿ’ ಎಂದು ಕಟ್ಟಿಹಾಕಿದರೆ ಒಬ್ಬಳು ಪರೀಕ್ಷೆಗೆ ಹೋದಾಗ ಹಣ ಬ್ಯಾಂಕಿನಲ್ಲೇ ಕೂರುತ್ತದೆ. ಖಾತೆಗೆ ಜೋಡಿಸುವ ಮೊಬೈಲ್ ನಂಬರ್ ಯಾರ ಅಣ್ಣನದ್ದೂ ಆಗಬಾರದು. ಒಟಿಪಿ ಯಾರಿಗೆ ಬರುತ್ತದೋ ಖಾತೆ ಅವರದ್ದೇ.

ಆಮೇಲೆ ಪ್ರತಿ ವರ್ಷ ಮಹಾಸಭೆ ನಡೆಸಿ, ಅದಾದ 14 ದಿನದೊಳಗೆ ಸಮಿತಿಯ ಪಟ್ಟಿ ಮತ್ತು ಲೆಕ್ಕಪರಿಶೋಧನೆ ಆದ ಜಮಾಖರ್ಚನ್ನು ಸಲ್ಲಿಸಬೇಕು. ಇದನ್ನು ನಾಲ್ಕೈದು ವರ್ಷ ಮರೆತ ಮಂಡಳಿಗಳಿಗೆ ನೆನಪಾಗುವುದು ಅನುದಾನಕ್ಕೆ ಅರ್ಜಿ ಹಾಕುವಾಗ. ಆಗ ಹಳೇ ರಸೀದಿ ಹುಡುಕುವುದರಲ್ಲೇ ಅರ್ಜಿಯ ಕೊನೇ ದಿನ ದಾಟಿರುತ್ತದೆ.

ಶನಿವಾರಸಂತೆ

ಪ್ರಶ್ನೆ: ನೋಂದಣಿ ಗೊಡವೆ ಬೇಡ, ಸ್ವಸಹಾಯ ಸಂಘ ಮಾಡಿದರೆ ಸಾಲವೂ ಸಿಗುತ್ತದೆ ಅನ್ನುತ್ತಾರೆ. ನಿಜವೇ?

ಉತ್ತರ: ನಿಜ, ಆದರೆ ಅದು ಬೇರೆ ಕೆಲಸಕ್ಕೆ. ಸ್ವಸಹಾಯ ಸಂಘದಲ್ಲಿ ಸಾಮಾನ್ಯವಾಗಿ 10ರಿಂದ 20 ಸದಸ್ಯರು; ವಾರದ ಸಭೆ, ವಾರದ ಉಳಿತಾಯ, ಒಳಸಾಲ, ಸರಿಯಾದ ಮರುಪಾವತಿ, ಪುಸ್ತಕ ಬರವಣಿಗೆ ಎಂಬ ಪಂಚಸೂತ್ರದ ಮೇಲೆ ನಡೆಯುತ್ತದೆ. ಸಂಪಾದನೆ ಇರುವ ಹೆಂಗಸರಿಗೆ ಹೇಳಿ ಮಾಡಿಸಿದ್ದು. ಕಾಲೇಜು ಹುಡುಗಿಯರನ್ನು ಅದಕ್ಕೆ ಸೇರಿಸಿದರೆ ವಾರದ ಕಂತನ್ನು ಅಪ್ಪನ ಹತ್ತಿರ ಕೇಳಬೇಕು. ಅಲ್ಲಿಗೆ ಸ್ವಂತ ನಿರ್ಧಾರದ ಮಾತು ಮುಗಿಯಿತು. ಆಟ, ಓದು, ಆರೋಗ್ಯ, ಪಂಚಾಯಿತಿ ಕೆಲಸಕ್ಕೆ ಮಂಡಳಿಯೇ ಸರಿ. ಕೆಲಸಕ್ಕೆ ಹೋಗುವ ಸದಸ್ಯೆಯರು ಬೇಕಾದರೆ ಪಕ್ಕದಲ್ಲಿ ಒಂದು ಸ್ವಸಹಾಯ ಸಂಘ ಮಾಡಿಕೊಳ್ಳಲಿ, ಎರಡರ ಹಣ ಮಾತ್ರ ಬೆರೆಸಬಾರದು.

ಸಿದ್ದಾಪುರ

ಪ್ರಶ್ನೆ: ತೋಟದ ಲೈನ್ ಮನೆಗಳ ಹುಡುಗಿಯರು, ಹಾಡಿಯ ಹುಡುಗಿಯರು ನಮ್ಮ ಸಭೆಗೆ ಬರುವುದಿಲ್ಲ. ಒಂದೆರಡು ಸಲ ಬಂದವರೂ ನಿಲ್ಲುತ್ತಾರೆ. ಅವರಿಗೆ ಆಸಕ್ತಿ ಇಲ್ಲ ಎಂದು ನಮ್ಮ ಪದಾಧಿಕಾರಿಗಳು ಕೈಬಿಟ್ಟಿದ್ದಾರೆ.

ಉತ್ತರ: ಆಸಕ್ತಿಯ ಮೇಲೆ ತಪ್ಪು ಹೊರಿಸುವ ಮೊದಲು ನಿಮ್ಮ ಸಭೆಯ ದಿನ, ಹೊತ್ತು ನೋಡಿ. ನವೆಂಬರಿನಲ್ಲಿ ಅರೇಬಿಕಾ ಕೊಯ್ಲು ಹಿಡಿದರೆ ರೋಬಸ್ಟಾ ಮುಗಿಯುವಾಗ ಮಾರ್ಚ್ ಆಗುತ್ತದೆ. ಕೆಜಿ ಲೆಕ್ಕದ ಕೂಲಿ ಸಿಗುವ ಈ ದಿನಗಳಲ್ಲಿ ಯಾರೂ ಅರ್ಧ ದಿನ ಬಿಟ್ಟು ಬರುವುದಿಲ್ಲ. ದೊಡ್ಡವರು ತೋಟದಲ್ಲಿದ್ದರೆ ಚಿಕ್ಕ ತಮ್ಮ ತಂಗಿಯರನ್ನು ನೋಡಿಕೊಳ್ಳುವುದು ಹುಡುಗಿಯ ಪಾಲಿಗೆ ಬಂದಿರುತ್ತದೆ. ವಾರದ ಬಟವಾಡೆ ಆದ ಮೇಲೆ ಸಂತೆ. ಅಮ್ಮ ಸಂತೆಗೆ ಹೋದ ದಿನ ಮಗಳು ಮನೆ ಬಿಡುವ ಹಾಗಿಲ್ಲ. ನಿಮ್ಮ ಮಾಸಿಕ ಸಭೆ ಸಂತೆಯ ದಿನವೇ ಇದ್ದರೆ ಇನ್ನೇನು ಕೇಳಬೇಕು?

ಇನ್ನು ಆನೆ. ಸಿದ್ದಾಪುರ, ಮಾಲ್ದಾರೆ, ಪಾಲಿಬೆಟ್ಟ ಕಡೆ ಸಂಜೆಯಾದರೆ ತೋಟದ ದಾರಿಯಲ್ಲಿ ಒಬ್ಬಳೇ ನಡೆಯುವುದು ಸಾಧ್ಯವಿಲ್ಲ. ಐದಕ್ಕೆ ಸಭೆ ಕರೆದು ‘ಅಪ್ಪ ಅಮ್ಮ ಬಿಡುವುದಿಲ್ಲ’ ಎಂದು ದೂರುವುದು ನ್ಯಾಯವಲ್ಲ. ನಾಲ್ಕಕ್ಕೆ ಮುಗಿಸಿ. ಒಂದೇ ದಾರಿಯವರು ಜೊತೆಯಾಗಿ ಹೋಗಿ, ಮನೆ ತಲುಪಿದ್ದನ್ನು ಕೊನೆಯ ಮನೆಯವಳು ಫೋನ್ ಮಾಡಿ ಹೇಳಲಿ.

ಅವರನ್ನು ನಿಮ್ಮ ಕಟ್ಟಡಕ್ಕೆ ಕರೆಯುವುದಕ್ಕಿಂತ ಮೊದಲ ಮೂರು ಸಭೆ ಲೈನಿನ ಬಳಿಯೇ ಇಡಿ. ತೋಟದ ಮಾಲೀಕರು ಅಥವಾ ಮ್ಯಾನೇಜರರ ಒಪ್ಪಿಗೆ ಕಾಗದದಲ್ಲಿರಲಿ. ಆದರೆ ಬಂಗಲೆ ವರಾಂಡದಲ್ಲಿ ಕೂರಬೇಡಿ, ರೈಟರ್ (ತೋಟದ ಗುಮಾಸ್ತ) ಅಥವಾ ಮೇಸ್ತ್ರಿ ಎದುರಿಗಿದ್ದರೆ ಒಬ್ಬಳೂ ಬಾಯಿ ಬಿಡುವುದಿಲ್ಲ. ಅಂಗನವಾಡಿ ಒಳ್ಳೆಯ ಜಾಗ. ಒಂದು ಲೈನಿನಿಂದ ಒಬ್ಬಳನ್ನೇ ಸೇರಿಸಬೇಡಿ. ಕನಿಷ್ಠ ಇಬ್ಬರು ಇರಲಿ. ಒಬ್ಬಳೇ ಆದರೆ ಮೂರನೇ ಸಭೆಗೆ ಅವಳು ನಿಲ್ಲುವುದು ಬಹುತೇಕ ಖಂಡಿತ. ಯರವ, ಕುರುಬ, ತಮಿಳು, ಮಲಯಾಳಂ ಮಾತಾಡುವವರ ನಡುವೆ ಈಗ ಅಸ್ಸಾಮಿನಿಂದ ಬಂದ ಕುಟುಂಬಗಳೂ ಇವೆ. ನಿರ್ಣಯವನ್ನು ಕನ್ನಡದಲ್ಲಿ ಬರೆಯಿರಿ, ಆದರೆ ಎದ್ದು ಹೋಗುವ ಮೊದಲು ಅವರವರ ಮಾತಿನಲ್ಲಿ ಒಬ್ಬರು ಹೇಳಲಿ. ಚಂದಾ ತಿಂಗಳು ತಿಂಗಳು ಎತ್ತಬೇಡಿ. ಮಳೆಗಾಲದಲ್ಲಿ ಕೂಲಿ ಕಡಿಮೆ, ಕೊಡಲಾಗದ ಹುಡುಗಿ ನಾಚಿಕೆಗೆ ಬರುವುದನ್ನೇ ಬಿಡುತ್ತಾಳೆ. ವರ್ಷದ್ದು ಒಟ್ಟಿಗೆ, ಫೆಬ್ರವರಿಯಲ್ಲಿ ತೆಗೆದುಕೊಳ್ಳಿ.

ಮೊದಲ ಕಾರ್ಯಕ್ರಮ ಭಾಷಣ ಬೇಡ, ಕಾಗದಪತ್ರದ ಶಿಬಿರ ಮಾಡಿ. ಆಧಾರ್ ತಿದ್ದುಪಡಿ, ಬ್ಯಾಂಕ್ ಖಾತೆ, ನಾಡಕಚೇರಿಯ ಜಾತಿ ಮತ್ತು ಆದಾಯ ಪ್ರಮಾಣಪತ್ರ, 18 ತುಂಬಿದವರಿಗೆ ಮತದಾರರ ಪಟ್ಟಿಯ ನಮೂನೆ 6. ಜಾತಿ ಪ್ರಮಾಣಪತ್ರವಿಲ್ಲದೆ ವಿದ್ಯಾರ್ಥಿವೇತನ ತಪ್ಪಿಸಿಕೊಂಡವರು ಪ್ರತಿ ಹಾಡಿಯಲ್ಲೂ ಇರುತ್ತಾರೆ. ಶಾಲೆ ಬಿಟ್ಟವರು ಎನ್‌ಐಒಎಸ್ (ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ) ಮೂಲಕ 14 ತುಂಬಿದ ಮೇಲೆ ಹತ್ತನೇ ತರಗತಿ ಪರೀಕ್ಷೆಗೆ ಸೇರಬಹುದು. 18 ತುಂಬದವಳ ಮದುವೆ ಮಾತು ಕಿವಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮಂಡಳಿಯವರೇ ಮನೆಗೆ ನುಗ್ಗಿ ಜಗಳಕ್ಕೆ ನಿಂತರೆ ಮದುವೆ ಒಂದು ವಾರ ಮುಂಚೆ, ಬೇರೆ ಊರಿನಲ್ಲಿ ಆಗಿಬಿಡುತ್ತದೆ.

ವಿರಾಜಪೇಟೆ

ಪ್ರಶ್ನೆ: ಪದವಿ ಓದುತ್ತಿದ್ದೇನೆ. ಎನ್‌ಎಸ್‌ಎಸ್, ಎನ್‌ಸಿಸಿ, ರೇಂಜರ್ಸ್ (ಗೈಡ್ಸ್‌ನ ಹಿರಿಯ ವಿಭಾಗ) ಮೂರೂ ಕಾಲೇಜಿನಲ್ಲಿವೆ. ಯಾವುದಕ್ಕೆ ಸೇರಲಿ? ಊರ ಮಂಡಳಿಗೂ ಪ್ರಮಾಣಪತ್ರ ಇದೆಯೇ?

ಉತ್ತರ: ಸೇನೆ, ಪೊಲೀಸ್ ಮನಸ್ಸಿನಲ್ಲಿದ್ದರೆ ಎನ್‌ಸಿಸಿ. ‘ಸಿ’ ಪ್ರಮಾಣಪತ್ರ ಪಡೆದ ಪದವೀಧರ ಹೆಣ್ಣುಮಕ್ಕಳಿಗೆ ಸೇನೆಯ ವಿಶೇಷ ಪ್ರವೇಶದಲ್ಲಿ ಲಿಖಿತ ಪರೀಕ್ಷೆ ಇಲ್ಲದೆ ನೇರ ಎಸ್‌ಎಸ್‌ಬಿ (ಸೇನಾಧಿಕಾರಿಗಳ ಆಯ್ಕೆ ಮಂಡಳಿ) ಸಂದರ್ಶನಕ್ಕೆ ಅವಕಾಶವಿದೆ; ಅಂಕ ಮತ್ತು ಶ್ರೇಣಿಯ ಷರತ್ತುಗಳನ್ನು ಅಧಿಸೂಚನೆಯಲ್ಲಿ ನೋಡಿಕೊಳ್ಳಿ. ಎನ್‌ಎಸ್‌ಎಸ್‌ನಲ್ಲಿ ಎರಡು ವರ್ಷಕ್ಕೆ 240 ಗಂಟೆ ಸೇವೆ, ಜೊತೆಗೆ 7 ದಿನದ ವಿಶೇಷ ಶಿಬಿರ. ಗಂಟೆಗಳನ್ನು ಡೈರಿಯಲ್ಲಿ ಆಗಿಂದಾಗ್ಗೆ ಬರೆಸಿಕೊಳ್ಳದವರು ಕೊನೆಯಲ್ಲಿ ಒದ್ದಾಡುತ್ತಾರೆ. ರೇಂಜರ್ಸ್‌ನಲ್ಲಿ ಪ್ರಥಮ ಚಿಕಿತ್ಸೆ, ಶಿಬಿರ ನಡೆಸುವ ಕೌಶಲ ಚೆನ್ನಾಗಿ ಸಿಗುತ್ತದೆ. ಊರ ಮಂಡಳಿಗೆ ಅಂಥ ಪ್ರಮಾಣಪತ್ರವಿಲ್ಲ. ನೆಹರು ಯುವ ಕೇಂದ್ರದ ಚಟುವಟಿಕೆಗಳು ಈಗ 2023ರ ಅಕ್ಟೋಬರ್ 31ರಂದು ಶುರುವಾದ ‘ಮೇರಾ ಯುವ ಭಾರತ್’ ಅಡಿಯಲ್ಲಿವೆ. 15ರಿಂದ 29 ವಯಸ್ಸಿನವರು ಅದರ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು.

ಪೊನ್ನಂಪೇಟೆ

ಪ್ರಶ್ನೆ: ನಮ್ಮ ಊರಲ್ಲಿ ಹುಡುಗಿಯರ ಹಾಕಿ ತಂಡ ಕಟ್ಟಬೇಕು. ಮೊದಲ ತಿಂಗಳು ಇಪ್ಪತ್ತು ಜನ ಬರುತ್ತಾರೆ, ಮೂರನೇ ತಿಂಗಳಿಗೆ ಆರು. ಎಲ್ಲಿ ತಪ್ಪುತ್ತಿದೆ?

ಉತ್ತರ: 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿಯಲ್ಲಿ ಕೆಲವು ಮನೆತನಗಳ ತಂಡದಲ್ಲಿ ಹೆಣ್ಣುಮಕ್ಕಳು ಗಂಡಸರ ಜೊತೆಗೇ ಆಡಿದ್ದಾರೆ. ಆಟ ಹುಡುಗಿಯರಿಗೆ ಹೊಸತಲ್ಲ. ಬಿಡುವುದಕ್ಕೆ ಕಾರಣ ಬಹುತೇಕ ಮೈದಾನದ ಅಂಚಿನಲ್ಲಿರುತ್ತದೆ. ಬಟ್ಟೆ ಬದಲಿಸಲು ಮುಚ್ಚಿದ ಜಾಗ, ನೀರಿರುವ ಶೌಚಾಲಯ, ಒಂದು ಪ್ಯಾಕೆಟ್ ಪ್ಯಾಡ್, ಮುಚ್ಚಳವಿರುವ ಕಸದ ಡಬ್ಬಿ, ಇವಿಲ್ಲದಿದ್ದರೆ ಮುಟ್ಟಿನ ವಾರ ತಪ್ಪಿಸುತ್ತಾರೆ, ಆಮೇಲೆ ಪೂರ್ತಿ ತಪ್ಪಿಸುತ್ತಾರೆ. ಹತ್ತಿರದ ಶಾಲೆಯ ಶೌಚಾಲಯದ ಬೀಗದ ಕೈಗೆ ಪತ್ರ ಕೊಟ್ಟು ವ್ಯವಸ್ಥೆ ಮಾಡಿಕೊಂಡ ಮೇಲೆ ಸ್ಟಿಕ್ ಕೊಳ್ಳಿ.

ಎರಡನೇ ಜಗಳ ಉಡುಪಿನದ್ದು. ಸ್ಕರ್ಟ್ ಹಾಕಲೇಬೇಕೆಂದು ಹಟ ಹಿಡಿಯಬೇಡಿ. ಊರ ಮಟ್ಟದ ಆಟಕ್ಕೆ ಟ್ರ್ಯಾಕ್ ಪ್ಯಾಂಟ್, ಟೀ ಶರ್ಟ್ ಸಾಕು. ಬಣ್ಣ, ಬಟ್ಟೆ ಎರಡನ್ನೂ ಆಡುವವರೇ ಆರಿಸಲಿ.

ಹನ್ನೊಂದು ಮಂದಿ ಕೂಡುವವರೆಗೆ ಕಾಯದೆ ಐವರು ಅಥವಾ ಏಳು ಜನರ ಆಟದಿಂದ, ಅರ್ಧ ಮೈದಾನದಲ್ಲಿ ಶುರು ಮಾಡಿ. ಸ್ಟಿಕ್ ನೆಟ್ಟಗೆ ನಿಲ್ಲಿಸಿದರೆ ಸೊಂಟದ ಮೂಳೆಯವರೆಗೆ ಬರಬೇಕು. ಅಣ್ಣನ ಹಳೇ ಸ್ಟಿಕ್ ಉದ್ದವಾದರೆ ಬೆನ್ನು ಬಾಗದೆ ಚೆಂಡು ತಪ್ಪುತ್ತದೆ. ಕಲಿಯುವವಳು ತನಗೇ ಬರುವುದಿಲ್ಲ ಅಂದುಕೊಳ್ಳುತ್ತಾಳೆ. ಪಂದ್ಯದ ಚೆಂಡು 156ರಿಂದ 163 ಗ್ರಾಂ, ಗಟ್ಟಿ. ಮೊದಲ ಎರಡು ತಿಂಗಳು ಹಗುರ ಪ್ಲಾಸ್ಟಿಕ್ ಚೆಂಡು ಬಳಸಿ. ಶಿನ್ ಗಾರ್ಡ್ ಇಲ್ಲದೆ ಯಾರನ್ನೂ ಇಳಿಸಬೇಡಿ. ಮೊಣಕಾಲ ಕೆಳಗೆ ಒಂದು ಏಟು ಬಿದ್ದರೆ ಹುಡುಗಿಯ ಜೊತೆ ಅವಳ ಅಮ್ಮನ ಒಪ್ಪಿಗೆಯೂ ಹೋಗುತ್ತದೆ. ದುಬಾರಿ ಆಗುವುದು ಗೋಲ್‌ಕೀಪರ್ ಕಿಟ್. ಅದು ಬರುವವರೆಗೆ ಗೋಲ್‌ಕೀಪರ್ ಇಲ್ಲದೆ ಚಿಕ್ಕ ಗೋಲು ಇಟ್ಟು ಆಡಿ.

ಮಳೆ ನಿಂತ ಮೇಲೆ, ಅಕ್ಟೋಬರಿನಲ್ಲಿ ಹಿಡಿಯಿರಿ. ವಾರಕ್ಕೆ ಎರಡು ದಿನ, ಒಂದೂವರೆ ಗಂಟೆ. ಕೋಚ್ ಗಂಡಸಾದರೆ ಮಂಡಳಿಯ ಒಬ್ಬ ಹೆಂಗಸು ಪ್ರತಿ ದಿನ ಮೈದಾನದಲ್ಲಿರಬೇಕು. ಇದು ಕೋಚ್‌ಗೂ ಒಳ್ಳೆಯದು.

ಮಡಿಕೇರಿ ತಾಲ್ಲೂಕು

ಪ್ರಶ್ನೆ: ಶಿಬಿರ ನಡೆಸುವ ಹಿರಿಯ ಪದಾಧಿಕಾರಿಯೊಬ್ಬರು ರಾತ್ರಿ ಹೊತ್ತು ಹುಡುಗಿಯರಿಗೆ ಮೆಸೇಜ್ ಮಾಡುತ್ತಾರೆ, ಒಬ್ಬಳ ಮೈ ಮುಟ್ಟಿದ್ದೂ ಆಗಿದೆ. ‘ನಾವು ಸಂಬಳದವರಲ್ಲ, ಸ್ವಯಂಸೇವಕರು, ಕಾನೂನು ಅನ್ವಯಿಸುವುದಿಲ್ಲ, ಊರ ಮರ್ಯಾದೆ ಪ್ರಶ್ನೆ, ಒಳಗೇ ಮುಗಿಸೋಣ’ ಅನ್ನುತ್ತಿದ್ದಾರೆ.

ಉತ್ತರ: ಅನ್ವಯಿಸುತ್ತದೆ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ ‘ಉದ್ಯೋಗಿ’ ಎಂಬುದರೊಳಗೆ ಸ್ವಯಂಸೇವೆ ಮಾಡುವವರೂ ಬರುತ್ತಾರೆ. ಸೊಸೈಟಿ, ಟ್ರಸ್ಟ್, ಕ್ರೀಡಾ ಸಂಸ್ಥೆಗಳೂ ಕೆಲಸದ ಸ್ಥಳವೇ. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಇರಬೇಕು: ಅಧ್ಯಕ್ಷರು ಮಹಿಳೆ, ಕನಿಷ್ಠ ಅರ್ಧ ಸದಸ್ಯರು ಮಹಿಳೆಯರು, ಒಬ್ಬರು ಹೊರಗಿನವರು. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ದೂರು ಸಂಸ್ಥೆಯ ಮುಖ್ಯಸ್ಥರ ಮೇಲೆಯೇ ಇದ್ದರೆ, ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ಕೊಡಬೇಕು. ತಾಲ್ಲೂಕಿನ ನೋಡಲ್ ಅಧಿಕಾರಿಗೆ ಕೊಟ್ಟರೂ ಅವರು 7 ದಿನದೊಳಗೆ ಸಮಿತಿಗೆ ಕಳಿಸಬೇಕು. ಘಟನೆ ನಡೆದ 3 ತಿಂಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಿ. ತಕ್ಕ ಕಾರಣವಿದ್ದರೆ ಇನ್ನೂ 3 ತಿಂಗಳು ಕೊಡಲು ಸಮಿತಿಗೆ ಅಧಿಕಾರವಿದೆ. ರಾಜಿ ಬೇಕೆಂದು ದೂರುಕೊಟ್ಟವಳೇ ಕೇಳಿದರೆ ಮಾತ್ರ ರಾಜಿ, ಅದರಲ್ಲೂ ಹಣ ಕೊಟ್ಟು ಮುಗಿಸುವ ಹಾಗಿಲ್ಲ.

ಆ ಹುಡುಗಿಗೆ 18 ತುಂಬಿಲ್ಲದಿದ್ದರೆ ದಾರಿ ಒಂದೇ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ವಿಷಯ ಗೊತ್ತಾದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದು 21ನೇ ಕಲಮಿನಡಿ ಅಪರಾಧ. ಸಂಸ್ಥೆಯ ಮುಖ್ಯಸ್ಥರು ತಮ್ಮ ಅಧೀನದವರ ಬಗ್ಗೆ ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು ಮತ್ತು ದಂಡ. ಊರ ಪಂಚಾಯ್ತಿಕೆ ಮಾಡಿ ತಪ್ಪುಕಾಣಿಕೆ ಹಾಕಿಸಿ ಮುಗಿಸಿದವರಿಗೂ ಇದು ಬಿಡುವುದಿಲ್ಲ. ಹೆತ್ತವರ ಭಯ ಸ್ಟೇಷನ್ ಮೆಟ್ಟಿಲಿನದ್ದು. ಅವರಿಗೆ ಹೇಳಿ: ಹೇಳಿಕೆಯನ್ನು ಮಗುವಿನ ಮನೆಯಲ್ಲೇ ಅಥವಾ ಅವಳು ಹೇಳಿದ ಜಾಗದಲ್ಲಿ ತೆಗೆದುಕೊಳ್ಳಬಹುದು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಠಾಣೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅವಳ ಹೆಸರು, ಶಾಲೆ, ಮನೆ ಗೊತ್ತಾಗುವಂಥದ್ದನ್ನು ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಬೇಡಿ.

ಮೆಸೇಜುಗಳನ್ನು ಸಿಟ್ಟಿನಲ್ಲಿ ಅಳಿಸಬಾರದು. ದಿನಾಂಕ, ನಂಬರ್ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಇಬ್ಬರ ಫೋನಿನಲ್ಲಿಡಿ. ಮೂಲ ಫೋನ್ ಹಾಗೇ ಇರಲಿ. ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಶಿಬಿರದಿಂದ ದೂರವಿಡುವ ನಿರ್ಣಯವನ್ನು ಇಂದೇ ಬರೆಯಿರಿ. ಮುಂದಿನ ಶಿಬಿರಕ್ಕೆ ನಿಯಮ ಹೀಗಿರಲಿ: 18 ತುಂಬದವರ ಜೊತೆ ಒಬ್ಬರೇ ದೊಡ್ಡವರು ಇರುವಂತಿಲ್ಲ, ಯಾವಾಗಲೂ ಇಬ್ಬರು. ಸೂಚನೆ ಗುಂಪಿನಲ್ಲಿ ಮಾತ್ರ, ಖಾಸಗಿ ಮೆಸೇಜ್ ಇಲ್ಲ.

ಸೋಮವಾರಪೇಟೆ

ಪ್ರಶ್ನೆ: ರಕ್ತಹೀನತೆ ತಪಾಸಣೆ ಶಿಬಿರ ಮಾಡಿದೆವು. ಎಲ್ಲರದ್ದೂ ಕಡಿಮೆ ಬಂತು, ಮಾತ್ರೆ ಕೊಟ್ಟರು, ಯಾರೂ ನುಂಗಲಿಲ್ಲ.

ಉತ್ತರ: ಎಲ್ಲರದ್ದೂ ಕಡಿಮೆ ಬಂದರೆ ಚುಚ್ಚಿದ ರೀತಿಯನ್ನೂ ಅನುಮಾನಿಸಿ. ಸ್ಪಿರಿಟ್ ಒಣಗುವ ಮೊದಲೇ ಚುಚ್ಚಿದರೆ, ಚಳಿಗೆ ಮರಗಟ್ಟಿದ ಬೆರಳನ್ನು ಹಿಂಡಿ ಹಿಂಡಿ ರಕ್ತ ತೆಗೆದರೆ, ಹನಿ ತೆಳುವಾಗಿ ಅಂಕಿ ಇಳಿಯುತ್ತದೆ. ಮಳೆಗಾಲದ ಸೋಮವಾರಪೇಟೆಯಲ್ಲಿ ಬಿಸಿನೀರಿನ ಬಕೆಟ್ ಇಟ್ಟು ಕೈ ಬೆಚ್ಚಗೆ ಮಾಡಿಸಿ, ಮೊದಲ ಹನಿ ಒರೆಸಿ ಎರಡನೆಯದನ್ನು ತೆಗೆದುಕೊಳ್ಳಲು ಹೇಳಿ. ಗರ್ಭಿಣಿಯಲ್ಲದ, 12 ದಾಟಿದ ಹುಡುಗಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. 8ಕ್ಕಿಂತ ಕೆಳಗಿದ್ದರೆ ಶಿಬಿರದ ಮಾತ್ರೆಗೆ ಬಿಡದೆ ಅಂದೇ ಆಸ್ಪತ್ರೆಗೆ ಕಳಿಸಿ. ಅಂಕಿಯನ್ನು ಮೈಕಿನಲ್ಲಿ ಓದಬೇಡಿ, ಚೀಟಿಯಲ್ಲಿ ಬರೆದು ಕೈಗೆ ಕೊಡಿ.

10ರಿಂದ 19 ವಯಸ್ಸಿನವರಿಗೆ ವಾರಕ್ಕೊಂದು ನೀಲಿ ಮಾತ್ರೆ, ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ್ದು. ಶಾಲೆಗೆ ಹೋಗದವರಿಗೆ ಅಂಗನವಾಡಿಯಲ್ಲಿ ಸಿಗುತ್ತದೆ. ವರ್ಷಕ್ಕೆ ಎರಡು ಸಲ 400 ಮಿಲಿಗ್ರಾಂ ಆಲ್ಬೆಂಡಜೋಲ್ ಜಂತುಹುಳದ ಮಾತ್ರೆ. ಬರಿಹೊಟ್ಟೆಯಲ್ಲಿ ನುಂಗಿ ವಾಕರಿಕೆ ಬಂದದ್ದು, ಮಲ ಕಪ್ಪಾಗಿ ಹೆದರಿದ್ದು, ಈ ಎರಡು ಕಾರಣಕ್ಕೇ ಹೆಚ್ಚಿನವರು ಬಿಡುತ್ತಾರೆ. ರಾತ್ರಿ ಊಟವಾದ ಮೇಲೆ ನುಂಗಲಿ. ಮಲ ಕಪ್ಪಾಗುವುದು ಸಹಜವೆಂದು ಮೊದಲೇ ಹೇಳಿ. ಮಾತ್ರೆಯ ಹಿಂದೆ ಮುಂದೆ ಒಂದು ಗಂಟೆ ಕಾಫಿ, ಚಹಾ ಬೇಡ, ಅವು ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಕೊಡಗಿನಲ್ಲಿ ಇದನ್ನು ಹೇಳುವುದು ಕಷ್ಟ, ಆದರೂ ಹೇಳಬೇಕು. ಕಿತ್ತಳೆ, ನಿಂಬೆ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ.

ಗೋಣಿಕೊಪ್ಪ

ಪ್ರಶ್ನೆ: ಕಾಲೇಜು ಬಿಟ್ಟ ಮೇಲೆ ಊರಿಗೆ ಬಸ್ಸಿಲ್ಲ, ಸ್ಟಾಪಿನಲ್ಲಿ ದೀಪವಿಲ್ಲ. ಮನವಿ ಕೊಟ್ಟು ಕೊಟ್ಟು ಸಾಕಾಗಿದೆ.

ಉತ್ತರ: ಹಾರ, ಫೋಟೋ, ಮನವಿಯಿಂದ ಕಡತ ಅಲುಗಾಡುವುದಿಲ್ಲ, ಲೆಕ್ಕ ಕೊಡಿ. ಹತ್ತು ಕಾಲೇಜು ದಿನ, ಸಂಜೆ 4ರಿಂದ 6ರವರೆಗೆ ಕಾಲು ಗಂಟೆಗೊಮ್ಮೆ ಸ್ಟಾಪಿನಲ್ಲಿ ಎಷ್ಟು ಮಂದಿ ನಿಂತಿದ್ದಾರೆ, ಯಾವ ಬಸ್ ಎಷ್ಟು ಹೊತ್ತಿಗೆ ಬಂತು ಅಥವಾ ಬರಲೇ ಇಲ್ಲ ಎಂದು ಇಬ್ಬಿಬ್ಬರು ಬರೆದಿಡಿ. ಸರ್ಕಾರಿ ಬಸ್ಸಿಗಾದರೆ ಡಿಪೋ ವ್ಯವಸ್ಥಾಪಕರಿಗೆ, ಖಾಸಗಿ ಬಸ್ ಟ್ರಿಪ್ ತಪ್ಪಿಸುತ್ತಿದ್ದರೆ ಪರ್ಮಿಟ್ ವೇಳಾಪಟ್ಟಿ ಉಲ್ಲೇಖಿಸಿ ಆರ್‌ಟಿಒ ಕಚೇರಿಗೆ ಕೊಡಿ. 2023ರ ಜೂನ್ 11ರಿಂದ ಇರುವ ಶಕ್ತಿ ಯೋಜನೆಯ ಉಚಿತ ಪ್ರಯಾಣ ಖಾಸಗಿ ಬಸ್ಸಿಗೆ ಇಲ್ಲ, ನಮ್ಮ ಒಳದಾರಿಗಳಲ್ಲಿ ಓಡುವುದು ಹೆಚ್ಚಾಗಿ ಅವೇ. ಹಾಗಾಗಿ ಆ ಹೊತ್ತಿಗೆ ಸರ್ಕಾರಿ ಬಸ್ ಕೇಳಲು ನಿಮಗೆ ಗಟ್ಟಿ ಕಾರಣವಿದೆ.

ದೀಪ ಗ್ರಾಮ ಪಂಚಾಯಿತಿಯ ಕೆಲಸ. ವಾರ್ಡ್ ಸಭೆಯಲ್ಲಿ ಎತ್ತಿ, ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ, ಸ್ವೀಕೃತಿ ಮುದ್ರೆಯ ಪ್ರತಿ ಇಟ್ಟುಕೊಳ್ಳಿ. 18 ತುಂಬದವರು ಮಕ್ಕಳ ಗ್ರಾಮಸಭೆಯಲ್ಲಿ ಅದನ್ನೇ ಕೇಳಲಿ, ಎರಡೂ ಕಡೆ ದಾಖಲಾದ ಬೇಡಿಕೆಯನ್ನು ಪಿಡಿಒ ಪಕ್ಕಕ್ಕಿಡುವುದು ಕಷ್ಟ. ಆಮೇಲೂ ಸುಮ್ಮನಿದ್ದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಪೋಸ್ಟಲ್ ಆರ್ಡರ್ ಜೊತೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ‘ದೀಪ ಯಾಕೆ ಹಾಕಿಲ್ಲ’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ‘ಇಂಥ ದಿನಾಂಕದ ಗ್ರಾಮಸಭೆ ನಿರ್ಣಯದ ಮೇಲೆ ಕೈಗೊಂಡ ಕ್ರಮದ ಕಡತದ ಪ್ರತಿ’ ಎಂದು ಕೇಳಿ. ಉತ್ತರಕ್ಕೆ ಗಡುವು 30 ದಿನ.

ಭಾಗಮಂಡಲ

ಪ್ರಶ್ನೆ: ಅಧ್ಯಕ್ಷೆ ಮದುವೆಯಾಗಿ ಹೋದಳು, ಖಜಾಂಚಿ ಬೆಂಗಳೂರಿಗೆ. ಮಂಡಳಿ ನಿಂತೇ ಹೋಗಿದೆ. ಮತ್ತೆ ಎಬ್ಬಿಸುವುದು ಹೇಗೆ?

ಉತ್ತರ: ಮೊದಲು ಪುಸ್ತಕಗಳು ಎಲ್ಲಿವೆ ಹುಡುಕಿ. ನಡಾವಳಿ, ನಗದು ಪುಸ್ತಕ, ರಸೀದಿ ಪುಸ್ತಕ, ಪಾಸ್‌ಬುಕ್, ಚೆಕ್‌ಬುಕ್, ನೋಂದಣಿ ಪತ್ರ, ಸೀಲು. ಹಳೇ ಪದಾಧಿಕಾರಿಗಳಿಂದ ರಾಜೀನಾಮೆ ಪತ್ರ ತರಿಸಿಕೊಳ್ಳಿ. ಬೈಲಾದಲ್ಲಿ ಹೇಳಿದಷ್ಟು ದಿನ ಮುಂಚೆ ನೋಟಿಸ್ ಕೊಟ್ಟು ಮಹಾಸಭೆ ಕರೆಯಿರಿ, ಹೊಸ ಸಮಿತಿ ಆರಿಸಿ, ಸಹಿ ಬದಲಾವಣೆಯ ನಿರ್ಣಯವನ್ನು ಬ್ಯಾಂಕಿಗೂ ಹೊಸ ಪಟ್ಟಿಯನ್ನು ನೋಂದಣಿ ಕಚೇರಿಗೂ ಕೊಡಿ. ಬಾಕಿ ವರ್ಷಗಳ ಲೆಕ್ಕವನ್ನು ಒಟ್ಟಿಗೇ ಆಡಿಟ್ ಮಾಡಿಸಿ ಸಲ್ಲಿಸಿ. ಖಾತೆಯಲ್ಲಿ ಎರಡು ವರ್ಷ ವ್ಯವಹಾರವಿಲ್ಲದಿದ್ದರೆ ಅದು ನಿಷ್ಕ್ರಿಯವಾಗಿರುತ್ತದೆ, ಹೊಸ ಸಹಿದಾರರ ಕೆವೈಸಿ ಕೊಟ್ಟರೆ ತೆರೆಯುತ್ತಾರೆ.

ಇನ್ನು ಮೇಲೆ ಪ್ರತಿ ಹುದ್ದೆಗೂ ಒಬ್ಬ ‘ಸಹ’ ಇರಲಿ: ಸಹ ಕಾರ್ಯದರ್ಶಿ, ಸಹ ಖಜಾಂಚಿ, ಇಬ್ಬರೂ 21ರ ಒಳಗಿನವರು. ತಿಂಗಳ ಕೊನೆಯ ಲೆಕ್ಕವನ್ನು ಸಹ ಖಜಾಂಚಿಯೇ ಬರೆದು ಖಜಾಂಚಿ ತಿದ್ದಲಿ. ಮದುವೆ ನಿಶ್ಚಯವಾದವಳು, ಊರು ಬಿಡುವವಳು ಹೊರಡುವ ಒಂದು ತಿಂಗಳ ಮೊದಲು ಪುಸ್ತಕಗಳನ್ನು ಸಭೆಯ ಎದುರು ಎಣಿಸಿ ಕೊಡಬೇಕು, ತೆಗೆದುಕೊಂಡವಳು ಪಟ್ಟಿಗೆ ಸಹಿ ಹಾಕಬೇಕು. ಮದುವೆಯಾದ ಮಾತ್ರಕ್ಕೆ ಸದಸ್ಯತ್ವ ರದ್ದು ಎಂಬ ಸಾಲು ಕೆಲವು ಹಳೇ ಬೈಲಾಗಳಲ್ಲಿ ಇರುತ್ತದೆ. ನಿಮ್ಮದರಲ್ಲೂ ಇದ್ದರೆ ಇದೇ ಮಹಾಸಭೆಯಲ್ಲಿ ತೆಗೆಸಿಬಿಡಿ.